ಹರೆಯದ ಹೃದಯದ ಉರಿಯೂತ: ಅಮೆರಿಕದ ಲಸಿಕೆ, ಕಲಬುರಗಿಯ ಭಯ

ಕೋವಿಡ್ ಲಸಿಕೆ ಹಾಕಿಸಿಕೊಂಡ ಹುಡುಗರ ಹೃದಯಕ್ಕೆ ಬಾವು ಬರುತ್ತದೆಂಬ ಭಯ ಈ ಕಡೆ ಹರಡಿದೆ. ಆ ಅಪಾಯ ಮುಖ್ಯವಾಗಿ ಅಂಟಿರುವುದು ಎಂಆರ್‌ಎನ್‌ಎ ಲಸಿಕೆಗೆ, ಅಂದರೆ ವೈರಸ್ಸಿನ ಒಂದು ಪ್ರೋಟೀನ್ ತಯಾರಿಸುವ ಸೂಚನೆಯನ್ನು ಮೈಯ ಕೋಶಗಳಿಗೆ ಒಯ್ಯುವ ಲಸಿಕೆಗೆ. ಫೈಝರ್, ಮಾಡರ್ನಾ ಇಂಥವು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಶಾಲೆಗಳಲ್ಲಿ 2022ರಲ್ಲಿ ಮಕ್ಕಳಿಗೆ ಸರ್ಕಾರ ಹಾಕಿದ ಕೋವಿಡ್ ಲಸಿಕೆ ಯಾವುದೂ ಎಂಆರ್‌ಎನ್‌ಎ ಲಸಿಕೆಯಲ್ಲ. 15ರಿಂದ 18 ವರ್ಷದವರಿಗೆ ಆ ವರ್ಷ ಜನವರಿ 3ರಿಂದ ಕೊಟ್ಟದ್ದು ಕೋವ್ಯಾಕ್ಸಿನ್. 12ರಿಂದ 14 ವರ್ಷದವರಿಗೆ ಮಾರ್ಚ್ 16ರಿಂದ ಕೊಟ್ಟದ್ದು ಕೊರ್ಬೆವ್ಯಾಕ್ಸ್. ಎರಡೂ ಪಕ್ಕದ ಹೈದರಾಬಾದಿನವೇ. ಮೊದಲನೆಯದು ಭಾರತ್ ಬಯೋಟೆಕ್‌ನ ನಿಷ್ಕ್ರಿಯ ವೈರಸ್ ಲಸಿಕೆ, ಎರಡನೆಯದು ಬಯೋಲಾಜಿಕಲ್ ಇ ಕಂಪನಿಯ ಪ್ರೋಟೀನ್ ಲಸಿಕೆ. ದೊಡ್ಡವರಿಗೆ ಹಾಕಿದ ಕೋವಿಶೀಲ್ಡ್ ಅಡಿನೋ ವೈರಸ್ ಆಧರಿಸಿದ್ದು. ಅದಕ್ಕೂ ಅಪರೂಪದ ಒಂದು ಅಪಾಯ ಅಂಟಿಕೊಂಡಿದೆ, ಆದರೆ ಅದು ಪ್ಲೇಟ್‌ಲೆಟ್ ಇಳಿದು ರಕ್ತ ಹೆಪ್ಪುಗಟ್ಟುವ ಬೇರೆಯೇ ತೊಂದರೆ. ಫೈಝರ್ 2021ರ ಫೆಬ್ರವರಿಯಲ್ಲೇ ಭಾರತದಲ್ಲಿ ಹಾಕಿದ್ದ ಅರ್ಜಿ ಹಿಂತೆಗೆದುಕೊಂಡಿತು. ಮಾಡರ್ನಾಕ್ಕೆ ಅದೇ ಜೂನ್‌ನಲ್ಲಿ ಅನುಮತಿ ಸಿಕ್ಕರೂ ಲಸಿಕಾ ಅಭಿಯಾನದೊಳಗೆ ಅದು ಬರಲೇ ಇಲ್ಲ. ಪುಣೆಯ ಜೆನ್ನೋವಾ ತಯಾರಿಸಿದ ದೇಶಿ ಎಂಆರ್‌ಎನ್‌ಎ ಲಸಿಕೆಗೆ 2022ರ ಜೂನ್‌ನಲ್ಲಿ ಒಪ್ಪಿಗೆ ದೊರೆತದ್ದು 18 ದಾಟಿದವರಿಗೆ ಮಾತ್ರ.

ಹಾಗಿದ್ದೂ "ಆ ಸೂಜಿ ಮಾಡಿಸಿಕೊಂಡ ಹುಡುಗರ ಹಾರ್ಟಿಗಿ ಬಾವು ಬರ್ತದಂತ" ಎಂಬ ಮಾತು ಈ ಕಡೆ ಇನ್ನೂ ನಿಂತಿಲ್ಲ. ಮಾತು ಪೂರ್ತಿ ಸುಳ್ಳಲ್ಲ. ಬೇರೆ ದೇಶದ, ಬೇರೆ ಲಸಿಕೆಯ, ಚೆನ್ನಾಗಿ ಅಳೆದು ನೋಡಿದ ಒಂದು ಸತ್ಯ ಇಲ್ಲಿಗೆ ಬಂದು ಇಲ್ಲಿನ ಎಲ್ಲ ಲಸಿಕೆಗಳಿಗೂ ಮೆತ್ತಿಕೊಂಡಿದೆ. 2025ರ ಜೂನ್–ಜುಲೈಯಲ್ಲಿ ಹಾಸನದಲ್ಲಿ ಹೃದಯಾಘಾತದ ಸಾಲು ಸಾವುಗಳ ಸುದ್ದಿ ಬಂದಾಗ ಮುಖ್ಯಮಂತ್ರಿಗಳೇ ಲಸಿಕೆಯ ಮೇಲೆ ಅನುಮಾನದ ಮಾತಾಡಿದ್ದು ಬೆಂಕಿಗೆ ಗಾಳಿ ಹಾಕಿದಂತಾಯಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಸಣ್ಣ ವಯಸ್ಸಿನ ಹೃದ್ರೋಗಕ್ಕೂ ಕೋವಿಡ್ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂದು ವರದಿ ಕೊಟ್ಟಿತು. ಅದಕ್ಕೂ ಮೊದಲು, 2023ರಲ್ಲಿ, ದೇಶದ 47 ಆಸ್ಪತ್ರೆಗಳಲ್ಲಿ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಹೋಲಿಸಿ ನೋಡಿದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನವೂ ಇದನ್ನೇ ಹೇಳಿತ್ತು. ಆದರೆ ಈ ಎರಡರಲ್ಲೂ ವಿಷಯ ಹೃದಯಾಘಾತ ಮತ್ತು ಹಠಾತ್ ಸಾವು. ಹೃದಯಾಘಾತವೆಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಉರಿಯೂತ, ಅಂದರೆ ಮಯೋಕಾರ್ಡೈಟಿಸ್, ಹೃದಯದ ಸ್ನಾಯುವೇ ಬಾತುಕೊಳ್ಳುವುದು. ಸುತ್ತಲಿನ ಪೊರೆ ಬಾತರೆ ಅದು ಪೆರಿಕಾರ್ಡೈಟಿಸ್. ಹರೆಯದವರಲ್ಲಿ ಎರಡೂ ಒಟ್ಟಿಗೆ ಬರುವುದುಂಟು. ನಾಳ ಕಟ್ಟಿದ ಲೆಕ್ಕ ತೋರಿಸಿ ಸ್ನಾಯುವಿನ ಪ್ರಶ್ನೆಗೆ ಉತ್ತರ ಕೊಟ್ಟೆವೆಂದರೆ ತಿಳಿದವರು ಒಪ್ಪುವುದಿಲ್ಲ. ಆದ್ದರಿಂದ ಎಂಆರ್‌ಎನ್‌ಎ ಲೆಕ್ಕವನ್ನು ಪ್ರತ್ಯೇಕವಾಗಿಯೇ ನೋಡಬೇಕು.

ಇಸ್ರೇಲಿನಲ್ಲಿ ಫೈಝರ್‌ನ ಎರಡನೇ ಡೋಸ್ ಪಡೆದ ಯುವಕರಲ್ಲಿ ಎದೆನೋವಿನ ಪ್ರಕರಣಗಳು ಮೊದಲು ಕಣ್ಣಿಗೆ ಬಿದ್ದದ್ದು 2021ರ ಮೊದಲ ತಿಂಗಳುಗಳಲ್ಲಿ. ಜೂನ್ 25ಕ್ಕೆ ಅಮೆರಿಕದ ಔಷಧ ನಿಯಂತ್ರಕರು ಫೈಝರ್, ಮಾಡರ್ನಾ ಎರಡರ ಮಾಹಿತಿ ಹಾಳೆಗೂ ಎಚ್ಚರಿಕೆ ಸೇರಿಸಿದರು. ಅಲ್ಲಿ ದಾಖಲಾದ ಪ್ರಕರಣಗಳ ಪ್ರಕಾರ, ಫೈಝರ್‌ನ ಎರಡನೇ ಡೋಸ್ ನಂತರದ ಏಳು ದಿನಗಳಲ್ಲಿ 16–17 ವರ್ಷದ ಹುಡುಗರಲ್ಲಿ ಹತ್ತು ಲಕ್ಷ ಡೋಸಿಗೆ ಸುಮಾರು 106 ಮಂದಿಗೆ ಉರಿಯೂತ ಕಂಡಿತು. 12–15 ವರ್ಷದ ಹುಡುಗರಲ್ಲಿ ಈ ಸಂಖ್ಯೆ 71. ಅದೇ 16–17ರ ಹುಡುಗಿಯರಲ್ಲಿ ಬರೀ 11. ಅಂದರೆ ಅತಿ ಹೆಚ್ಚು ಅಪಾಯದ ಗುಂಪಿನಲ್ಲಿ ಸುಮಾರು ಒಂಬತ್ತೂವರೆ ಸಾವಿರ ಹುಡುಗರಲ್ಲಿ ಒಬ್ಬನಿಗೆ.

ಈ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ಯಾಕೆಂದರೆ ಅದು ವೈದ್ಯರೋ ಪೋಷಕರೋ ವರದಿ ಮಾಡಿದ್ದನ್ನು ಕೂಡಿಸಿದ ಲೆಕ್ಕ. ಹಾಂಗ್‌ಕಾಂಗ್ ತನ್ನ ಆಸ್ಪತ್ರೆ ದಾಖಲೆಗಳನ್ನೇ ಜಾಲಾಡಿದಾಗ 12–17ರ ಹುಡುಗರಲ್ಲಿ ಎರಡನೇ ಡೋಸ್ ನಂತರ ಲಕ್ಷಕ್ಕೆ 37 ಪ್ರಕರಣ ಸಿಕ್ಕವು. ಸರಿಸುಮಾರು 2,700ಕ್ಕೆ ಒಬ್ಬ. ಮೊದಲ ಡೋಸ್ ನಂತರ ಲಕ್ಷಕ್ಕೆ ಐದಾರು ಮಾತ್ರ. 2021ರ ಸೆಪ್ಟೆಂಬರಿನಲ್ಲಿ ಅವರು ಈ ವಯಸ್ಸಿನವರಿಗೆ ಒಂದೇ ಡೋಸ್ ಸಾಕು ಎಂದುಬಿಟ್ಟರು. ಅಕ್ಟೋಬರಿನಲ್ಲಿ ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳು ಎಳೆಯರಿಗೆ ಮಾಡರ್ನಾ ಹಾಕುವುದಕ್ಕೆ ತಡೆ ಹಾಕಿದವು.

ಮಾಡರ್ನಾವನ್ನೇ ಬೇರೆ ಮಾಡಿದ್ದಕ್ಕೆ ಕಾರಣ ಪ್ರಮಾಣದಲ್ಲಿದೆ. ಫೈಝರ್‌ನ ದೊಡ್ಡವರ ಒಂದು ಡೋಸಿನಲ್ಲಿ 30 ಮೈಕ್ರೋಗ್ರಾಂ ಎಂಆರ್‌ಎನ್‌ಎ, ಮಾಡರ್ನಾದ ಮೊದಲ ಎರಡು ಡೋಸ್‌ಗಳಲ್ಲಿ ತಲಾ 100. ಐದರಿಂದ ಹನ್ನೊಂದು ವರ್ಷದವರಿಗೆ ಫೈಝರ್ 10 ಮೈಕ್ರೋಗ್ರಾಂಗೆ ಇಳಿಸಿತ್ತು, ಅವರಲ್ಲಿ ಉರಿಯೂತವೂ ಬಹಳ ಕಡಿಮೆ. ಎರಡು ಡೋಸ್‌ಗಳ ಅಂತರವೂ ಲೆಕ್ಕಕ್ಕೆ ಬರುತ್ತದೆ. ಮೂರು ನಾಲ್ಕು ವಾರದ ಬದಲು ಎಂಟು ವಾರ ಬಿಟ್ಟಲ್ಲಿ ಪ್ರಕರಣ ಇಳಿದವು. 2023–24ರ ಲಸಿಕೆಗೆ ಬರುವ ಹೊತ್ತಿಗೆ 12ರಿಂದ 24 ವರ್ಷದ ಹುಡುಗರಲ್ಲಿ ಅದು ಹತ್ತು ಲಕ್ಷ ಡೋಸಿಗೆ ಸುಮಾರು 27ಕ್ಕೆ ಇಳಿದಿತ್ತು. 2025ರಲ್ಲಿ ಅಮೆರಿಕದ ಲೇಬಲ್ಲಿನ ಮೇಲೆ ಇದೇ ಅಂಕಿ ಅಚ್ಚಾಯಿತು.

"ಕೋವಿಡ್ ಬಂದರೆ ಇದಕ್ಕಿಂತ ಹೆಚ್ಚು ಉರಿಯೂತ ಆಗುತ್ತದೆ" ಎಂಬ ಉತ್ತರವನ್ನು ಎಲ್ಲರಿಗೂ ಒಂದೇ ತೂಕದಲ್ಲಿ ಹಂಚಿದ್ದು ಆರೋಗ್ಯ ಇಲಾಖೆಗಳು ಮಾಡಿದ ತಪ್ಪೆಂದೇ ಹೇಳಬೇಕು. ಒಟ್ಟು ಜನರ ಮಟ್ಟಿಗೆ ಅದು ನಿಜ. ಆದರೆ ಇಂಗ್ಲೆಂಡಿನ ದೊಡ್ಡ ಅಧ್ಯಯನದಲ್ಲಿ 40 ವರ್ಷದೊಳಗಿನ ಗಂಡಸರಲ್ಲಿ ಮಾಡರ್ನಾದ ಎರಡನೇ ಡೋಸ್ ಹತ್ತು ಲಕ್ಷಕ್ಕೆ 97 ಹೆಚ್ಚುವರಿ ಪ್ರಕರಣ ತಂದರೆ, ಸೋಂಕು ತಂದದ್ದು 16. ಫೈಝರ್‌ನಲ್ಲಿ ಇಷ್ಟು ದೊಡ್ಡ ಅಂತರ ಇರಲಿಲ್ಲ. ವಯಸ್ಸು, ಲಿಂಗ, ಲಸಿಕೆಯ ಹೆಸರು, ಎಷ್ಟನೇ ಡೋಸ್, ಈ ನಾಲ್ಕನ್ನೂ ಕೇಳದೆ ಕೊಡುವ ಉತ್ತರ ಯಾವ ಕಡೆ ವಾಲಿದರೂ ಅರೆಬೆಂದದ್ದೇ.

ಯಾಕೆ ಹೀಗಾಗುತ್ತದೆ ಎಂಬುದಕ್ಕೆ ಸುಳಿವುಗಳಿವೆ. ಎಂಆರ್‌ಎನ್‌ಎ ಕೊಬ್ಬಿನ ಸಣ್ಣ ಗುಳಿಗೆಯೊಳಗೆ ಕುಳಿತು ತೋಳಿನ ಸ್ನಾಯುವಿನ ಕೋಶ ಸೇರಿ, ವೈರಸ್ಸಿನ ಸ್ಪೈಕ್ ಪ್ರೋಟೀನ್ ತಯಾರಿಸಲು ಹೇಳಿ ಕರಗಿಹೋಗುತ್ತದೆ. ಕೋಶದ ಬೀಜದೊಳಕ್ಕೆ, ಅಂದರೆ ಡಿಎನ್‌ಎ ಇರುವ ಜಾಗಕ್ಕೆ, ಹೋಗುವುದಿಲ್ಲ. ಬಾಸ್ಟನ್ನಿನಲ್ಲಿ ಲಸಿಕೆಯ ನಂತರ ಉರಿಯೂತ ಬಂದ 16 ಎಳೆಯರ ರಕ್ತವನ್ನು, ಲಸಿಕೆ ಪಡೆದೂ ಏನೂ ಆಗದ 45 ಮಂದಿಯ ರಕ್ತದ ಜತೆ ಹೋಲಿಸಿದರು. ಮೊದಲ ಗುಂಪಿನಲ್ಲಿ ಪ್ರತಿಕಾಯಕ್ಕೆ ಅಂಟಿಕೊಳ್ಳದ ಇಡಿಯ ಸ್ಪೈಕ್ ಪ್ರೋಟೀನ್ ರಕ್ತದಲ್ಲಿ ತೇಲುತ್ತಿತ್ತು, ಎರಡನೆಯದರಲ್ಲಿ ಇರಲಿಲ್ಲ. ಜತೆಗೆ ಸೈಟೊಕೈನ್ ಎಂಬ ಉರಿಯೂತದ ರಾಸಾಯನಿಕಗಳೂ ಏರಿದ್ದು ಕಂಡಿದೆ. ಹುಡುಗರಲ್ಲೇ ಹೆಚ್ಚು ಯಾಕೆ ಎಂದರೆ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನಿನ ಕಡೆ ಬೊಟ್ಟು ಮಾಡುವವರು ಬಹಳ. ಹರೆಯದಲ್ಲಿ ವೈರಸ್ಸಿನಿಂದ ಬರುವ ಉರಿಯೂತವೂ ಹುಡುಗರಲ್ಲೇ ಜಾಸ್ತಿ ಎಂಬುದು ಆ ಅನುಮಾನವನ್ನು ಗಟ್ಟಿ ಮಾಡುತ್ತದೆ.

ಪ್ರೋಟೀನ್ ಲಸಿಕೆಗಳಿಗೆ ಈ ತೊಂದರೆ ಇಲ್ಲವೇ ಇಲ್ಲ ಎನ್ನಲೂ ಬರುವುದಿಲ್ಲ. ನೊವಾವ್ಯಾಕ್ಸ್‌ನ ಹಾಳೆಯ ಮೇಲೂ ಈ ಎಚ್ಚರಿಕೆ ಇದೆ. ಸಿಡುಬಿನ ಹಳೆಯ ಲಸಿಕೆಯೂ ಹೃದಯದ ಉರಿಯೂತ ತಂದದ್ದು ದಾಖಲಾಗಿದೆ.

ಎದೆ ಹಿಡಿದ ಹುಡುಗ ಆಸ್ಪತ್ರೆಗೆ ಬಂದಾಗ

ಎಂಆರ್‌ಎನ್‌ಎ ಲಸಿಕೆಯ ಉರಿಯೂತ ಸಾಮಾನ್ಯವಾಗಿ ಎರಡನೇ ಡೋಸ್ ಆದ ಎರಡರಿಂದ ನಾಲ್ಕನೇ ದಿನಕ್ಕೆ ಕಾಣುತ್ತದೆ. ಎದೆಯ ನಡುವೆ ಗಂಟೆಗಟ್ಟಲೆ ಬಿಡದ ನೋವು, ಅಂಗಾತ ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕುಳಿತರೆ ಕೊಂಚ ಕಡಿಮೆ. ಜ್ವರ, ಏದುಸಿರು, ಎದೆ ಡವಡವ ಎನ್ನುವುದು ಇರಬಹುದು. ಬೆರಳಿಟ್ಟು ಪಕ್ಕೆಲುಬಿನ ಸಂದಿಯಲ್ಲಿ ಒತ್ತಿದರೆ "ಅಲ್ಲೇ ನೋಡ್ರಿ" ಎಂದು ಚೀರುವ ನೋವು ಬಹುಪಾಲು ಎಲುಬು-ಸ್ನಾಯುವಿನದು. ಹರೆಯದವರ ಎದೆನೋವಿನಲ್ಲಿ ಹೆಚ್ಚಿನದು ಈ ಜಾತಿಯದೇ. ಓಡುವಾಗ ಎಚ್ಚರ ತಪ್ಪಿ ಬಿದ್ದರೆ, ಅಥವಾ ಜ್ವರ ಬಂದು ಹೋದ ಹತ್ತು ಹದಿನೈದು ದಿನದೊಳಗೆ ಮೆಟ್ಟಿಲು ಹತ್ತಿದರೆ ದಮ್ಮು ಬಂದರೆ ಆಗ ಕಾಯುವಂತಿಲ್ಲ.

ಇಲ್ಲಿ ಕೈ ತಪ್ಪುವುದು ಮೊದಲ ಹೆಜ್ಜೆಯಲ್ಲೇ. "ಗ್ಯಾಸ್ ಆಗ್ಯಾದ" ಎಂದು ಊರಲ್ಲೇ ಒಂದು ಗ್ಯಾಸಿನ ಸೂಜಿ, ಒಂದು ನೋವಿನ ಸೂಜಿ ಬೀಳುತ್ತದೆ. ನೋವು ತಗ್ಗುತ್ತದೆ, ಹುಡುಗ ಮರುದಿನ ಆಟಕ್ಕೆ ಹೋಗುತ್ತಾನೆ. ಇನ್ನೂ ಒಂದು ತೊಡಕಿದೆ. ಕುಂಡಿಗೆ ಚುಚ್ಚಿದ ಸೂಜಿಯಿಂದಲೇ ರಕ್ತದಲ್ಲಿ ಸಿಪಿಕೆ, ಅಂದರೆ ಯಾವ ಸ್ನಾಯುವಿಗೆ ಪೆಟ್ಟಾದರೂ ಹೊರಬರುವ ಒಂದು ಕಿಣ್ವ, ಏರುತ್ತದೆ. ಆಮೇಲೆ ಆ ಪರೀಕ್ಷೆ ಮಾಡಿಸಿದರೆ ಹೃದಯದ್ದೋ ಸೂಜಿಯದ್ದೋ ತಿಳಿಯುವುದಿಲ್ಲ. ಕೇಳಬೇಕಾದ ಪರೀಕ್ಷೆ ಟ್ರೋಪೋನಿನ್. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಬರುವ ಪ್ರೋಟೀನ್ ಅದು, ಸೂಜಿಗೆ ಏರುವುದಿಲ್ಲ. ಹನಿ ರಕ್ತ ಹಾಕಿ ಗೆರೆ ನೋಡುವ ಕಾರ್ಡಿನಲ್ಲಿ ಕಾಲು ಗಂಟೆಗೆ ಉತ್ತರ ಬರುತ್ತದೆ. ನೋವು ಶುರುವಾಗಿ ಮೂರು ಗಂಟೆಯೂ ಆಗಿರದಿದ್ದರೆ ಒಂದು ನೆಗೆಟಿವ್ ಸಾಲದು, ಮೂರರಿಂದ ಆರು ಗಂಟೆ ಬಿಟ್ಟು ಮತ್ತೆ ಮಾಡಬೇಕು.

ಇಸಿಜಿಯಲ್ಲಿ ಇನ್ನೊಂದು ಬಲೆ. ಉರಿಯೂತದಲ್ಲೂ ಎಸ್‌ಟಿ ಗೆರೆ, ಅಂದರೆ ಬಡಿತದ ಚೂಪಾದ ಅಲೆಯ ನಂತರದ ಭಾಗ, ಏರುತ್ತದೆ, ಹೃದಯಾಘಾತದಲ್ಲೂ ಏರುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿ ದೊಡ್ಡ ಆಸ್ಪತ್ರೆಗೆ ಹೋಗಿ, ಹೃದಯಾಘಾತವೆಂದು ಖಚಿತವಾದರೆ ಅಲ್ಲೇ ನಾಳದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಐವತ್ತರ ರೈತನಿಗೆ ಅದು ಪ್ರಾಣ ಉಳಿಸುವ ಮದ್ದು. ಪೊರೆ ಬಾತ ಹದಿನಾರರ ಹುಡುಗನಿಗೆ ಅದೇ ಕೊಟ್ಟರೆ ಹೃದಯದ ಚೀಲದೊಳಗೆ ರಕ್ತ ಸೋರಬಹುದು. ಗುರುತು ಇವು: ಉರಿಯೂತದಲ್ಲಿ ಎಸ್‌ಟಿ ಏರಿಕೆ ಒಂದು ನಾಳದ ಹದ್ದಿಗೆ ನಿಲ್ಲದೆ ಹೃದಯವನ್ನು ಬೇರೆ ಬೇರೆ ಕೋನದಿಂದ ನೋಡುವ ಹೆಚ್ಚುಕಡಿಮೆ ಎಲ್ಲ ಲೀಡ್‌ಗಳಲ್ಲಿ ಹರಡಿರುತ್ತದೆ, ಎದುರು ಲೀಡ್‌ಗಳಲ್ಲಿ ಇಳಿತ ಇರುವುದಿಲ್ಲ, ಚೂಪಾದ ಅಲೆಗೆ ಮೊದಲಿನ ಪಿಆರ್ ಭಾಗ ಕೊಂಚ ತಗ್ಗಿರುತ್ತದೆ. ಕೆಲವೊಮ್ಮೆ ಉರಿಯೂತವೂ ಒಂದೇ ಜಾಗದ ಹೃದಯಾಘಾತದ ವೇಷ ಹಾಕುತ್ತದೆ. ಆಗ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಅದರಲ್ಲೂ ತಿಳಿಯದಿದ್ದರೆ ನಾಳಗಳನ್ನು ನೋಡುವ ಆಂಜಿಯೋಗ್ರಾಂ. ಆದ್ದರಿಂದ ಇಸಿಜಿ ಕಳಿಸುವಾಗ ರೋಗಿಯ ವಯಸ್ಸು, ಎರಡು ವಾರದೊಳಗಿನ ಜ್ವರ, ಗಂಟಲುನೋವು, ಲಸಿಕೆ, ಚೇಳಿನ ಕಡಿತ, ಇಷ್ಟನ್ನು ಒಂದು ಸಾಲಿನಲ್ಲಿ ಬರೆದು ಕಳಿಸಿದರೆ ಆ ಕಡೆಯ ವೈದ್ಯರ ತೀರ್ಮಾನವೇ ಬೇರೆಯಾಗಬಹುದು.

ಎಕೋ ನಾರ್ಮಲ್ ಬಂತೆಂದು ಕೈಬಿಡುವುದೂ ತಪ್ಪು. ಸಣ್ಣ ಉರಿಯೂತದಲ್ಲಿ ಹೃದಯದ ಪಂಪು ಸರಿಯಾಗಿಯೇ ಇರುತ್ತದೆ. ಸ್ನಾಯುವಿನೊಳಗಿನ ಬಾವು ಮತ್ತು ಕಲೆ ತೋರಿಸುವುದು ಚಿತ್ರದಲ್ಲಿ ಕಲೆ ಎದ್ದು ಕಾಣಿಸುವ ಗ್ಯಾಡೋಲಿನಿಯಂ ಮದ್ದು ಕೊಟ್ಟು ಮಾಡುವ ಹೃದಯದ ಎಂಆರ್‌ಐ. ಹಿಂದೆ ಇಂಥದ್ದಕ್ಕೆಲ್ಲ ಸೊಲ್ಲಾಪುರ ಇಲ್ಲವೇ ಹೈದರಾಬಾದ್ ದಾರಿ ಹಿಡಿಯುವುದೇ ವಾಡಿಕೆಯಾಗಿತ್ತು. 2024ರ ಡಿಸೆಂಬರ್ 22ರಂದು ಕಲಬುರಗಿಯಲ್ಲಿ ಜಯದೇವದ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಯಾದ ಮೇಲೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಾದ ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಿಂದ ಕಳಿಸಲು ಹತ್ತಿರದಲ್ಲೇ ಒಂದು ಜಾಗವಾಗಿದೆ.

ಚಿಕಿತ್ಸೆಯ ವಿಚಾರದಲ್ಲಿ ಅಮೆರಿಕದ ಪದ್ಧತಿಯನ್ನು ಇದ್ದಂತೆ ಇಲ್ಲಿಗೆ ತರಲಾಗದು. ಅಲ್ಲಿ ಇಂಥ ಹುಡುಗರಿಗೆ ಹೆಚ್ಚಾಗಿ ಐಬುಪ್ರೊಫೆನ್ ಕೊಟ್ಟು ಎರಡು ಮೂರು ದಿನ ಮಾನಿಟರ್ ಹಚ್ಚಿ ಮನೆಗೆ ಕಳಿಸಿದರು. ಇಲ್ಲಿ ಮಳೆಗಾಲದಲ್ಲಿ ಜ್ವರ, ಎದೆನೋವು ಕೂಡಿ ಬಂದ ಹುಡುಗನಿಗೆ ಡೆಂಗಿ ಇರಬಹುದು. ಡೆಂಗಿಯೂ ಹೃದಯ ಬಾತಿಸುತ್ತದೆ, ಜ್ವರ ಇಳಿದ ಮೇಲೆ ನಾಡಿ ತೀರ ನಿಧಾನವಾಗುವುದು ಅದರ ಒಂದು ಗುರುತು. ಅಂಥವನಿಗೆ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ಕೊಟ್ಟರೆ ರಕ್ತಸ್ರಾವದ ದಾರಿ ತೆರೆದಂತೆ. ಡೆಂಗಿ ಇಲ್ಲವೆಂದು ತಿಳಿಯುವ ತನಕ ಪ್ಯಾರಾಸಿಟಮಾಲ್ ದಾಟಬಾರದು.

ಮನೆಗೆ ಬಂದ ಮೇಲಿನ ತಪ್ಪೇ ಹೆಚ್ಚು ಅಪಾಯದ್ದು. ಅಮೆರಿಕದಲ್ಲಿ 90 ದಿನ ದಾಟಿದ ಮೇಲೆ ವಿಚಾರಿಸಿದಾಗ ನೂರರಲ್ಲಿ 81 ಮಂದಿ ಗುಣವಾಗಿದ್ದಾರೆಂದು ಅವರವರ ವೈದ್ಯರು ಹೇಳಿದರು. ಆದರೆ ಎಂಆರ್‌ಐ ಮಾಡಿಸಿದವರಲ್ಲಿ ಅರ್ಧದಷ್ಟು ಮಂದಿಯ ಹೃದಯದಲ್ಲಿ ಏನಾದರೊಂದು ವ್ಯತ್ಯಾಸ ಉಳಿದಿತ್ತು. ಆ ಕಲೆಯ ಅಂಚಿನಿಂದಲೇ, ಜೋರಾಗಿ ಓಡುವಾಗ, ಲಯ ತಪ್ಪುವ ಬಡಿತ ಹುಟ್ಟಬಹುದು. ಅದಕ್ಕೇ ಮೂರರಿಂದ ಆರು ತಿಂಗಳು ಓಟ, ಕಬಡ್ಡಿ, ಜಿಮ್ಮು ಯಾವುದೂ ಬೇಡ ಎನ್ನುವುದು ವಾಡಿಕೆ. ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಗೆಂದು 1,600 ಮೀಟರ್ ಓಟಕ್ಕೆ ಬೆಳಗ್ಗೆ ಐದಕ್ಕೇ ಮೈದಾನಕ್ಕಿಳಿಯುವ ಹುಡುಗರಿಗೆ ಈ ಮಾತು ರುಚಿಸುವುದಿಲ್ಲ. ನೋವು ಹೋದ ವಾರಕ್ಕೇ ಓಡುತ್ತಾರೆ. ಟ್ರೋಪೋನಿನ್ ಇಳಿದಿರಬೇಕು, ಎಕೋ ಸರಿಯಿರಬೇಕು, 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್‌ನಲ್ಲೂ, ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಟಿಎಂಟಿಯಲ್ಲೂ ಲಯ ಕೆಡಬಾರದು. ಇಷ್ಟು ಕೈಗೆ ಬಂದ ಮೇಲೆ ಮೊದಲು ನಡಿಗೆ, ಆಮೇಲೆ ನಿಧಾನದ ಓಟ. ಒಂದು ಭರ್ತಿ ತಪ್ಪಿದರೆ ಮುಂದಿನದು ಬರುತ್ತದೆ.

ನಮ್ಮ ಕಡೆಯ ಉರಿಯೂತಗಳು

ಲಸಿಕೆಯ ಉರಿಯೂತಕ್ಕೆ ಹೆದರಿ ಲಸಿಕೆ ಬಿಟ್ಟವರು ಎಂಥ ಉರಿಯೂತವನ್ನು ಬರಮಾಡಿಕೊಳ್ಳುತ್ತಾರೆ ಎಂಬುದಕ್ಕೆ ಗಂಟಲುಮಾರಿಗಿಂತ, ಅಂದರೆ ಡಿಫ್ತೀರಿಯಾಕ್ಕಿಂತ, ಬೇರೆ ಸಾಕ್ಷಿ ಬೇಡ. ಉತ್ತರ ಕರ್ನಾಟಕದಲ್ಲಿ ಡಿಫ್ತೀರಿಯಾ ಇನ್ನೂ ತೀರಿಹೋಗಿಲ್ಲ. ಗಂಟಲಲ್ಲಿ ಬೂದುಬಣ್ಣದ ಪೊರೆ, ಕೆರೆಯಹೋದರೆ ರಕ್ತ, ಕುತ್ತಿಗೆ ಬಾತು ಗೂಳಿಯ ಹಾಗೆ ಕಾಣುವುದು ಇದರ ಗುರುತು. ಈ ಬ್ಯಾಕ್ಟೀರಿಯಾ ಗಂಟಲಲ್ಲೇ ಕೂತು ಬಿಡುವ ವಿಷ ಹೃದಯದ ವಿದ್ಯುತ್ ದಾರಿಗಳನ್ನು ಹಾಳುಮಾಡುತ್ತದೆ. ಮೋಸ ಇರುವುದು ಸಮಯದಲ್ಲಿ. ಗಂಟಲು ಮಾಯ್ದು ಮಗು ಉಣ್ಣತೊಡಗಿದ ಎರಡನೇ ವಾರದಲ್ಲಿ ನಾಡಿ ಇಳಿಯತೊಡಗುತ್ತದೆ. ಇಸಿಜಿಯಲ್ಲಿ ಮೊದಲು ಪಿಆರ್ ಅಂತರ, ಅಂದರೆ ವಿದ್ಯುತ್ ಹೃದಯದ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ಇಳಿಯುವ ಸಮಯ, ಉದ್ದವಾಗುತ್ತದೆ, ಆಮೇಲೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ಸಂಪರ್ಕವೇ ಕಡಿದು ತಾತ್ಕಾಲಿಕ ಪೇಸ್‌ಮೇಕರ್ ಬೇಕಾಗುತ್ತದೆ. ಈ ವಿಷ ಮುರಿಯುವ ಮದ್ದಾದ ಆಂಟಿಟಾಕ್ಸಿನ್ ಕೆಲಸ ಮಾಡುವುದು ಕೋಶದೊಳಗೆ ಇನ್ನೂ ಹೋಗದ ವಿಷದ ಮೇಲಷ್ಟೇ. ಹಾಗಾಗಿ ಪೊರೆ ಕಂಡ ದಿನವೇ, ಕಲ್ಚರ್ ವರದಿಗೆ ಕಾಯದೆ ಅದು ಬೀಳಬೇಕು. ಗಂಟಲು ವಾಸಿಯಾದರೂ ಎರಡು ಮೂರು ವಾರ ಮಲಗಿಸಿಟ್ಟು ಇಸಿಜಿ ತೆಗೆಯುತ್ತಲೇ ಇರಬೇಕು. ಹೃದಯದ ಮೇಲೆ ಕೈಯಿಟ್ಟ ಗಂಟಲುಮಾರಿ, ಎಂಆರ್‌ಎನ್‌ಎ ಲಸಿಕೆಯ ಉರಿಯೂತದಂತೆ ಬಹುಪಾಲು ತಾನಾಗಿ ತಗ್ಗುವ ರೋಗವಲ್ಲ. ಸಾಯುವವರು ಬಹಳ.

ಚೇಳಿನದು ಇನ್ನೊಂದು. ಶಹಾಬಾದ್ ಕಲ್ಲಿನ ಚಪ್ಪಡಿ ಸಂದಿಯಲ್ಲಿ, ಸೌದೆ ರಾಶಿಯಲ್ಲಿ ಅಡಗುವ ಕೆಂಪು ಚೇಳು ಕಡಿದರೆ ವಿಷ ಮೈಯ ಅಡ್ರಿನಲಿನ್ ಉಕ್ಕಿಸಿ ಹೃದಯದ ಸ್ನಾಯುವನ್ನು ಕಂಗೆಡಿಸುತ್ತದೆ. ಕಡಿದಲ್ಲಿ ಬರೀ ಉರಿ ಇದ್ದರೆ ಭಯ ಕಡಿಮೆ. ಮೈಯೆಲ್ಲ ಬೆವರು, ವಾಂತಿ, ಬಾಯಲ್ಲಿ ಜೊಲ್ಲು, ಕೈಕಾಲು ತಣ್ಣಗಾದರೆ ಶ್ವಾಸಕೋಶಕ್ಕೆ ನೀರು ತುಂಬುವ ಮೊದಲ ಹಂತ. ಕೊಂಕಣದ ಮಹಾಡದಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ರೂಢಿಗೆ ತಂದ ಪ್ರಾಜೋಸಿನ್ ಮಾತ್ರೆ, ಕಿಲೋ ತೂಕಕ್ಕೆ 30 ಮೈಕ್ರೋಗ್ರಾಂನಂತೆ, ಇದಕ್ಕೆ ಮದ್ದು. ಕೊಟ್ಟ ಮೇಲೆ ಮಗುವನ್ನು ಎಬ್ಬಿಸಿ ಕೂರಿಸಬಾರದು, ಬಿಪಿ ಒಮ್ಮೆಲೇ ಕುಸಿಯುತ್ತದೆ. ಮಂತ್ರ ಹಾಕಿಸಲು ಹೋದ ಎರಡು ಗಂಟೆಯನ್ನು ಆಮೇಲೆ ಯಾವ ಮಾತ್ರೆಯೂ ತುಂಬಿಕೊಡುವುದಿಲ್ಲ.

ಗಂಟಲುನೋವಾದ ಎರಡು ಮೂರು ವಾರಕ್ಕೆ ಮೊಣಕಾಲು, ಮೊಣಕೈ ಒಂದಾದ ಮೇಲೊಂದು ಬಾತರೆ ಅದು ರುಮ್ಯಾಟಿಕ್ ಜ್ವರ, ಕೀಲು ಬಿಟ್ಟು ಹೃದಯದ ಕವಾಟಕ್ಕೆ ಕೈಹಾಕುವ ರೋಗ. ಅದಕ್ಕೆ 21 ದಿನಕ್ಕೊಮ್ಮೆ ಪೆನ್ಸಿಲಿನ್ ಸೂಜಿ, ವರ್ಷಗಟ್ಟಲೆ.

ಯಾರಿಗೆ ಯಾವ ಲಸಿಕೆ ಬಿದ್ದಿದೆ ಎಂಬ ಜಗಳ ಬಗೆಹರಿಸುವುದು ಸುಲಭ. ಕೋವಿನ್ ಪ್ರಮಾಣಪತ್ರದಲ್ಲಿ ಲಸಿಕೆಯ ಹೆಸರು, ತಾರೀಖು ಎರಡೂ ಇರುತ್ತವೆ. ಅಮೆರಿಕ, ಬ್ರಿಟನ್ನಿನಲ್ಲಿರುವ ಅಣ್ಣ-ತಮ್ಮಂದಿರ ಮಕ್ಕಳು ರಜೆಗೆ ಊರಿಗೆ ಬಂದಾಗ ಎದೆನೋವು ಎಂದರೆ ಮಾತ್ರ ಎಂಆರ್‌ಎನ್‌ಎ ಪ್ರಶ್ನೆ ಕೇಳಬೇಕು, ಅದೂ ಡೋಸ್ ಆಗಿ ಒಂದು ವಾರದೊಳಗಿದ್ದರೆ. ಮೂರು ವರ್ಷದ ಹಿಂದಿನ ಲಸಿಕೆಗೆ ಇವತ್ತಿನ ಎದೆನೋವನ್ನು ಕಟ್ಟುವುದು ಈ ರೋಗದ ಸ್ವಭಾವಕ್ಕೇ ಹೊಂದುವುದಿಲ್ಲ. ಯಾವ ಲಸಿಕೆಯ ನಂತರವೇ ಆಗಲಿ ಮಗು ಆಸ್ಪತ್ರೆ ಸೇರಿದರೆ ಆಶಾ ಅಥವಾ ಸಿಸ್ಟರ್ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಸಬೇಕು. ಗಂಭೀರ ಪ್ರಕರಣ 24 ಗಂಟೆಯೊಳಗೆ ಜಿಲ್ಲೆಗೆ ವರದಿಯಾಗಬೇಕೆಂಬ ನಿಯಮವಿದೆ. ವರದಿಯಾಗದೆ ಫೋನಿನಲ್ಲಿ ಸುತ್ತುವ ವಿಡಿಯೋದಿಂದ ಯಾವ ಲೆಕ್ಕವೂ ಹುಟ್ಟುವುದಿಲ್ಲ.

10ನೇ ಮತ್ತು 16ನೇ ವರ್ಷಕ್ಕೆ ಶಾಲೆಯಲ್ಲಿ ಹಾಕುವ ಟಿಡಿ ಲಸಿಕೆ ಧನುರ್ವಾಯು ಮತ್ತು ಗಂಟಲುಮಾರಿಯದು, ಅರ್ಧ ಎಂಎಲ್, ತೋಳಿಗೆ. ಒಂದೆರಡು ದಿನ ತೋಳು ನೋಯುತ್ತದೆ, ಸಣ್ಣ ಜ್ವರ ಬರಬಹುದು. ಈ ಸಾಲಿನಲ್ಲಿ ನಿಂತ ಹುಡುಗಿಯರು ಒಬ್ಬರ ಹಿಂದೊಬ್ಬರು ತಲೆಸುತ್ತಿ ಬೀಳುವುದನ್ನೇ "ಹಾರ್ಟ್ ನಿಂತ್ವು" ಎಂದು ಚಿತ್ರೀಕರಿಸುವವರಿದ್ದಾರೆ. ಅದು ಸೂಜಿಯ ಹೆದರಿಕೆಗೆ ಬಿಪಿ ಇಳಿದದ್ದು. ಸೂಜಿಯಾದ ಕೆಲವೇ ನಿಮಿಷದಲ್ಲಿ ಆಗುತ್ತದೆ, ಮುಖ ಬಿಳಚಿ ಬೆವರುತ್ತದೆ, ನಾಡಿ ನಿಧಾನವಾಗುತ್ತದೆ, ನೆಲದ ಮೇಲೆ ಮಲಗಿಸಿ ಕಾಲು ಒಂದಡಿ ಎತ್ತಿದರೆ ಒಂದೆರಡು ನಿಮಿಷಕ್ಕೆ ಕಣ್ಣು ಬಿಡುತ್ತಾರೆ. ಬೆಳಗ್ಗೆ ಉಪಾಸ ಬಂದ ಮಕ್ಕಳಿಗೆ ಇದು ಹೆಚ್ಚು. ಬಿಸಿಯೂಟ ಆದ ಮೇಲೆ, ಸಾಲಿಗೆ ಕಾಣದ ಕೋಣೆಯಲ್ಲಿ, ಕುಳ್ಳಿರಿಸಿ ಹಾಕಿ ಅರ್ಧ ಗಂಟೆ ಅಲ್ಲೇ ಇರಿಸಿಕೊಂಡರೆ ಬೀಳುವವರ ಸಂಖ್ಯೆ ಎದ್ದು ಕಾಣುವಷ್ಟು ಇಳಿಯುತ್ತದೆ.